ಹಲ್ಲನ್ನು ತುರ್ತಾಗಿ ತೆಗೆಸಬೇಕಾದದ್ದು ಯಾವಾಗ?

ಹಲ್ಲಿನ ತುರ್ತನ್ನು ನೋವಿನಿಂದ ಅಳೆಯಲಾಗದು. ರಾತ್ರಿಯಿಡೀ ನಿದ್ದೆಗೆಡಿಸಿದ ಹಲ್ಲನ್ನು ಎಷ್ಟೋ ಸಲ ಉಳಿಸಿಕೊಳ್ಳಬಹುದು. ನೋವು ನಿಂತುಹೋಗಿ ವಾರವಾದ ಹಲ್ಲು ಎರಡೇ ದಿನಗಳಲ್ಲಿ ಕುತ್ತಿಗೆಯನ್ನು ಬಾತುಕೊಳ್ಳಿಸಿ ಜೀವಕ್ಕೆ ಎರವಾಗಬಹುದು. ಸೋಂಕು ಎಲ್ಲಿದೆ, ಯಾವ ಕಡೆಗೆ ಹರಡುತ್ತಿದೆ, ಎಷ್ಟು ವೇಗವಾಗಿ ಹರಡುತ್ತಿದೆ ಎಂಬ ಮೂರು ಸಂಗತಿಗಳೇ ತುರ್ತನ್ನು ತೀರ್ಮಾನಿಸುತ್ತವೆ. ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ತೋಟದ ಮನೆಗಳು ಒಂದಕ್ಕೊಂದು ದೂರ, ಮಳೆಗಾಲ ದೀರ್ಘ, ಎಲೆಯಡಿಕೆಯ ರೂಢಿ ಹಳೆಯದು. ಇಂಥ ಕಡೆ ಈ ಮೂರು ಸಂಗತಿಗಳನ್ನು ಮನೆಯವರೇ ಗುರುತಿಸಲು ಕಲಿತಿರಬೇಕು.

ಹುಳುಕಿನಿಂದ ಕೀವಿನವರೆಗೆ

ಹಲ್ಲಿಗೆ ಹೊರಗೆ ಎನಾಮೆಲ್ ಎಂಬ ಗಟ್ಟಿ ಕವಚ, ಅದರೊಳಗೆ ಡೆಂಟಿನ್, ನಟ್ಟನಡುವೆ ನರ ಮತ್ತು ರಕ್ತನಾಳಗಳಿರುವ ತಿರುಳು. ಹುಳುಕು ಎನಾಮೆಲ್‌ನಲ್ಲಿರುವಷ್ಟು ಕಾಲ ನೋವಿರುವುದಿಲ್ಲ. ಡೆಂಟಿನ್‌ಗೆ ಇಳಿದಾಗ ತಣ್ಣೀರು, ಸಿಹಿ ತಾಗಿ ಚುಳ್ಳೆನ್ನುತ್ತದೆ. ಕೆಲವೇ ಕ್ಷಣಗಳಲ್ಲಿ ಶಮನವಾಗುತ್ತದೆ. ಈ ಹಂತದ ಹಲ್ಲಿಗೆ ತುಂಬಿಸುವ ಚಿಕಿತ್ಸೆ ಸಾಕು.

ಹುಳುಕು ತಿರುಳನ್ನು ತಲುಪಿದಾಗ ನೋವಿನ ಬಗೆ ಬದಲಾಗುತ್ತದೆ. ಅದು ಕಾರಣವಿಲ್ಲದೆ ಏಳುತ್ತದೆ, ಬಿಸಿ ಕಾಫಿಗೆ ಕೆರಳುತ್ತದೆ, ಮಲಗಿದರೆ ಹೆಚ್ಚುತ್ತದೆ, ಕಿವಿಗೂ ತಲೆಗೂ ಹಬ್ಬುತ್ತದೆ. ಗಟ್ಟಿ ಗೋಡೆಗಳ ನಡುವೆ ಸಿಕ್ಕಿಕೊಂಡ ತಿರುಳಿಗೆ ಉಬ್ಬಲು ಜಾಗವಿಲ್ಲದಿರುವುದೇ ಈ ತೀವ್ರತೆಗೆ ಕಾರಣ. ಹಲ್ಲುನೋವುಗಳಲ್ಲೆಲ್ಲ ಇದು ಕಠಿಣವಾದದ್ದು. ಆದರೂ ಈ ಹಂತದಲ್ಲಿ ಸೋಂಕು ಹಲ್ಲಿನ ಒಳಗೇ ಇದೆ. ತಿರುಳನ್ನು ತೆಗೆದು ಬೇರಿನ ನಾಳವನ್ನು ಶುಚಿಗೊಳಿಸಿ ಮುಚ್ಚುವ ರೂಟ್ ಕೆನಾಲ್ ಚಿಕಿತ್ಸೆಯಿಂದ ಹಲ್ಲು ಉಳಿಯುತ್ತದೆ. ನೋವಿಗೆ ಅಂದೇ ಚಿಕಿತ್ಸೆ ಬೇಕು, ಕೀಳಲೇಬೇಕೆಂಬ ಒತ್ತಾಯವಿಲ್ಲ.

ಚಿಕಿತ್ಸೆ ಸಿಗದಿದ್ದರೆ ತಿರುಳು ಸಾಯುತ್ತದೆ, ನೋವು ನಿಲ್ಲುತ್ತದೆ. ಬಹಳ ಜನ ಮೋಸಹೋಗುವುದು ಇಲ್ಲಿ. ಅಂಗಡಿಯಿಂದ ತಂದ ಮಾತ್ರೆಯೋ ಲವಂಗದ ಎಣ್ಣೆಯೋ ಗುಣಪಡಿಸಿತೆಂದು ಮನೆಮಂದಿ ನೆಮ್ಮದಿಗೊಳ್ಳುವ ಹೊತ್ತಿಗೆ ಸೋಂಕು ಬೇರಿನ ತುದಿಯ ರಂಧ್ರದಿಂದ ದವಡೆಯ ಎಲುಬಿಗೆ ಇಳಿದಿರುತ್ತದೆ. ವಾರಗಳ ಅಥವಾ ತಿಂಗಳುಗಳ ಬಳಿಕ ಆ ಹಲ್ಲು ಎತ್ತರವಾದಂತೆ ತೋರುತ್ತದೆ, ಜಗಿದರೆ ನೋಯುತ್ತದೆ, ವಸಡಿನ ಮೇಲೆ ಕೀವಿನ ಗುಳ್ಳೆ ಏಳುತ್ತದೆ. ಗುಳ್ಳೆ ಒಡೆದು ಕೀವು ಬಾಯಿಗೆ ಸುರಿದರೆ ನೋವು ಮತ್ತೆ ಕಡಿಮೆಯಾಗುತ್ತದೆ. ಸೋಂಕಿನ ಮೂಲ ಇದ್ದಲ್ಲೇ ಇರುತ್ತದೆ. ಕೀವಿಗೆ ಬಾಯೊಳಗೆ ದಾರಿ ಸಿಗದೆ ಅದು ಮಾಂಸಖಂಡಗಳ ನಡುವಿನ ಸಂದುಗಳಿಗೆ ನುಗ್ಗಿದಾಗ ನಿಜವಾದ ತುರ್ತು ಹುಟ್ಟುತ್ತದೆ.

ಸೋಂಕು ಹೋಗುವ ದಾರಿ

ಕೀವು ಯಾವ ಕಡೆಗೆ ಹೋಗುತ್ತದೆಂಬುದು ಹಲ್ಲಿನ ಬೇರು ಎಲ್ಲಿ ಕೊನೆಗೊಳ್ಳುತ್ತದೆ ಎಂಬುದನ್ನು ಅವಲಂಬಿಸಿದೆ. ಕೆಳದವಡೆಯ ಒಳಬದಿಗೆ ಅಂಟಿಕೊಂಡ ಅಗಲವಾದ ಸ್ನಾಯುವೊಂದು ಬಾಯಿಯ ತಳವಾಗಿ ನಿಂತಿದೆ. ಮುಂದಿನ ಹಲ್ಲುಗಳ ಬೇರುಗಳು ಈ ಸ್ನಾಯುವಿನ ಮೇಲೆಯೇ ಮುಗಿಯುತ್ತವೆ. ಕೊನೆಯ ಎರಡು ದವಡೆಹಲ್ಲುಗಳ, ಅದರಲ್ಲೂ ಬುದ್ಧಿಹಲ್ಲಿನ, ಬೇರುಗಳು ಅದಕ್ಕಿಂತ ಕೆಳಗೆ ಇಳಿದಿರುತ್ತವೆ. ಆದ್ದರಿಂದ ಅವುಗಳ ಕೀವು ನೇರವಾಗಿ ಗದ್ದದ ಅಡಿಗೂ ಕುತ್ತಿಗೆಗೂ ಹರಡಬಲ್ಲದು.

ಬಾಯಿಯ ತಳದ ಎರಡೂ ಬದಿಗೆ ಸೋಂಕು ಹಬ್ಬಿ, ಗದ್ದದ ಅಡಿ ಹಲಗೆಯಂತೆ ಗಟ್ಟಿಯಾಗಿ, ನಾಲಿಗೆ ಮೇಲಕ್ಕೂ ಹಿಂದಕ್ಕೂ ಒತ್ತಲ್ಪಟ್ಟು ಉಸಿರುದಾರಿ ಮುಚ್ಚುವ ಸ್ಥಿತಿಯನ್ನು ಜರ್ಮನಿಯ ವೈದ್ಯ ವಿಲ್ಹೆಲ್ಮ್ ಫ್ರೆಡ್ರಿಕ್ ಫಾನ್ ಲುಡ್ವಿಗ್ 1836ರಲ್ಲಿ ವಿವರಿಸಿದರು. ಲುಡ್ವಿಗ್ ಆಂಜೈನಾ ಎಂಬ ಹೆಸರು ಅವರಿಂದಲೇ ಬಂತು. ಪ್ರತಿಜೀವಕ ಔಷಧಗಳು ಬರುವ ಮೊದಲು ಈ ಸ್ಥಿತಿಗೆ ತುತ್ತಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಾಯುತ್ತಿದ್ದರು. ಇಂದು ಸಕಾಲದಲ್ಲಿ ಆಸ್ಪತ್ರೆ ಸೇರಿದವರಲ್ಲಿ ಬಹುಪಾಲು ಮಂದಿ ಬದುಕುತ್ತಾರೆ. ಇದರ ಮೂಲ ಹೆಚ್ಚಾಗಿ ಕೆಳಗಿನ ಎರಡನೆಯ ಅಥವಾ ಮೂರನೆಯ ದವಡೆಹಲ್ಲು.

ಮೇಲಿನ ಹಲ್ಲುಗಳ ದಾರಿ ಬೇರೆ. ಕೋರೆಹಲ್ಲಿನ ಕೀವು ಮೂಗಿನ ಪಕ್ಕದಿಂದ ಕಣ್ಣಿನ ಕೆಳರೆಪ್ಪೆಗೆ ಏರುತ್ತದೆ. ಅಲ್ಲಿಯ ಅಭಿಧಮನಿಗಳಿಗೆ ಮೆದುಳಿನ ತಳದ ರಕ್ತಕುಹರಗಳೊಡನೆ ಸಂಪರ್ಕವಿರುವುದರಿಂದ, ಅಪರೂಪಕ್ಕೆ ಸೋಂಕು ಅಲ್ಲಿಗೂ ತಲುಪಿ ರಕ್ತ ಹೆಪ್ಪುಗಟ್ಟುವುದುಂಟು.

ತುರ್ತಿನ ಮೂರು ಹಂತಗಳು

ಒಂದನೆಯದು, ಗಳಿಗೆಯೂ ಕಾಯಬಾರದ ಸ್ಥಿತಿ. ಉಸಿರಾಟ ಕಷ್ಟವಾಗುವುದು, ಉಗುಳು ನುಂಗಲಾಗದೆ ಜೊಲ್ಲು ಸುರಿಯುವುದು, ಬಾಯಲ್ಲಿ ಏನೋ ತುಂಬಿಕೊಂಡವರಂತೆ ಸ್ವರ ಬದಲಾಗುವುದು, ನಾಲಿಗೆ ಮೇಲೆದ್ದು ಅದರ ಅಡಿ ಗಟ್ಟಿಯಾಗುವುದು, ಬಾವು ಗದ್ದದ ಅಡಿಯಿಂದ ಕುತ್ತಿಗೆಗೆ ಇಳಿಯುವುದು, ಮಲಗಿದರೆ ಉಸಿರು ಕಟ್ಟುವುದರಿಂದ ಕುಳಿತೇ ಇರಬೇಕಾಗುವುದು, ಕಣ್ಣು ಬಾತು ಮುಚ್ಚಿಹೋಗುವುದು ಅಥವಾ ನೋಟ ಎರಡಾಗುವುದು, ಜ್ವರದೊಡನೆ ಮಂಕು ಕವಿಯುವುದು: ಇವುಗಳಲ್ಲಿ ಒಂದು ಕಂಡರೂ ಸಾಕು. ಇಂಥ ರೋಗಿಯನ್ನು ಕರೆದೊಯ್ಯಬೇಕಾದದ್ದು ಉಸಿರುದಾರಿಯನ್ನು ಕಾಪಾಡುವ ಸೌಲಭ್ಯವಿರುವ ಆಸ್ಪತ್ರೆಗೆ. ಮಲಗಿಸದೆ ಕುಳ್ಳಿರಿಸಿಯೇ ಕರೆದೊಯ್ಯಬೇಕು. ಅಲ್ಲಿ ಮೊದಲು ಉಸಿರು, ಬಳಿಕ ರಕ್ತನಾಳದ ಮೂಲಕ ಔಷಧ, ಕೀವು ಹೊರಗೆ ಬಿಡುವ ಶಸ್ತ್ರಚಿಕಿತ್ಸೆ, ಅದರೊಡನೆ ಅಪರಾಧಿ ಹಲ್ಲನ್ನು ತೆಗೆಯುವುದು.

ಎರಡನೆಯದು, ಅದೇ ದಿನ ದಂತವೈದ್ಯರನ್ನು ಕಾಣಬೇಕಾದ ಸ್ಥಿತಿ. ಕೆನ್ನೆ ಅಥವಾ ಗದ್ದ ಬಾತುಕೊಂಡು ಬಾವು ಬೆಳಗಿನಿಂದ ಸಂಜೆಗೆ ಹಿರಿದಾಗುತ್ತಿದ್ದರೆ, ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ, ಬಾಯಿ ತೆರೆಯಲು ಬಿಗಿತವಾಗಿದ್ದರೆ ಮರುದಿನಕ್ಕೆ ಮುಂದೂಡಬಾರದು. ಆರೋಗ್ಯವಂತರು ತಮ್ಮದೇ ಮೂರು ಬೆರಳುಗಳನ್ನು ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ನೆಟ್ಟಗೆ ಇಡಬಲ್ಲರು. ಒಂದೆರಡು ದಿನಗಳಲ್ಲಿ ಆ ತೆರಪು ಎರಡು ಬೆರಳಿಗಿಂತ ಕಡಿಮೆಯಾಗಿದ್ದರೆ ಸೋಂಕು ಜಗಿಯುವ ಸ್ನಾಯುಗಳ ಸಂದಿಗೆ ಹೊಕ್ಕಿದೆ ಎಂದೇ ತಿಳಿಯಬೇಕು. ಮಕ್ಕಳಲ್ಲಿ ಬಾವು ದೊಡ್ಡವರಿಗಿಂತ ಬೇಗ ಹರಡುತ್ತದೆ. ಮಗು ಊಟ, ನೀರು ಬಿಟ್ಟಿದ್ದರೆ ಅದೂ ಇದೇ ಹಂತದ ಚಿಹ್ನೆ. ಬುದ್ಧಿಹಲ್ಲು ಅರ್ಧ ಹೊರಬಂದು ಅದರ ಮೇಲಿನ ವಸಡಿನ ಮಡಿಕೆ ಕೀವುಗಟ್ಟಿದಾಗಲೂ ಹೀಗೆಯೇ. ಹಿಡಿತ ಪೂರ್ತಿ ಕಳೆದುಕೊಂಡು, ನಿದ್ದೆಯಲ್ಲಿ ಕಳಚಿ ಉಸಿರುನಾಳಕ್ಕೆ ಬೀಳುವಷ್ಟು ಅಲ್ಲಾಡುವ ಹಲ್ಲನ್ನೂ ಅಂದೇ ತೋರಿಸಬೇಕು.

ಮೂರನೆಯದು, ಅವಧಿ ಗೊತ್ತುಮಾಡಿ ತೆಗೆಸಬೇಕಾದ ಸ್ಥಿತಿ. ಬಾಯಿ ಅಥವಾ ಗಂಟಲಿನ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆಯಲಿರುವವರ ಕೆಟ್ಟ ಹಲ್ಲುಗಳನ್ನು ಚಿಕಿತ್ಸೆಗೆ ಎರಡು ಮೂರು ವಾರ ಮೊದಲೇ ತೆಗೆಯಬೇಕು. ವಿಕಿರಣ ತಾಗಿದ ದವಡೆಯ ಎಲುಬಿಗೆ ರಕ್ತಸಂಚಾರ ಕುಗ್ಗುವುದರಿಂದ, ಆಮೇಲೆ ಕಿತ್ತರೆ ಗಾಯ ಮಾಯದೆ ಎಲುಬೇ ಸಾಯುವ ಭಯವಿದೆ. ಹೃದಯದ ಕವಾಟ ಬದಲಿಸುವ ಶಸ್ತ್ರಚಿಕಿತ್ಸೆಗೂ, ಎಲುಬಿನ ಸವಕಳಿಗೋ ಕ್ಯಾನ್ಸರಿಗೋ ಕೊಡುವ ಬಿಸ್ಫಾಸ್ಫೊನೇಟ್ ವರ್ಗದ ಚುಚ್ಚುಮದ್ದಿಗೂ ಮೊದಲು ಬಾಯಿಯ ಪರೀಕ್ಷೆ ಮುಗಿದಿರಬೇಕು.

ಯಾವ ಹಲ್ಲು ಉಳಿಯದು?

ಬಾವು ಬಂದ ಹಲ್ಲೆಲ್ಲ ಕೀಳಬೇಕಾದದ್ದೇ ಆಗಿರುವುದಿಲ್ಲ. ಕೀವಿಗೆ ದಾರಿ ಮಾಡಿಕೊಟ್ಟು, ರೂಟ್ ಕೆನಾಲ್ ಮಾಡಿ, ಮೇಲೆ ಕವಚ ಕೂರಿಸಲು ಸಾಕಷ್ಟು ಹಲ್ಲು ಉಳಿದಿದೆಯೇ ಎಂದು ವೈದ್ಯರು ನೋಡುತ್ತಾರೆ. ಹುಳುಕು ವಸಡಿನ ಕೆಳಗೆ ಎಲುಬಿನ ಮಟ್ಟಕ್ಕೆ ಇಳಿದಿದ್ದರೆ, ಬೇರು ಉದ್ದಕ್ಕೆ ಸೀಳಿದ್ದರೆ, ವಸಡಿನ ರೋಗದಿಂದ ಎಲುಬಿನ ಆಸರೆ ಬಹುತೇಕ ಕರಗಿದ್ದರೆ, ಬರೀ ಬೇರಿನ ಚೂರು ಉಳಿದು ಕೀವಾಡುತ್ತಿದ್ದರೆ ತೆಗೆಯುವುದೇ ಸರಿ. ಹಾಲುಹಲ್ಲಿನ ಬೇರಿನಲ್ಲಿ ಕೀವಿದ್ದು ಅದನ್ನು ಉಳಿಸಲಾಗದಿದ್ದರೆ, ಕೆಳಗೆ ರೂಪುಗೊಳ್ಳುತ್ತಿರುವ ಶಾಶ್ವತ ಹಲ್ಲಿನ ರಕ್ಷಣೆಗಾಗಿ ಅದನ್ನು ತೆಗೆಯುತ್ತಾರೆ. ಬೈಕಿನಿಂದಲೋ ಅಡಿಕೆ ಮರದಿಂದಲೋ ಬಿದ್ದು ದವಡೆ ಮುರಿದಾಗ, ಮುರಿದ ಗೆರೆಯಲ್ಲೇ ಇರುವ ಸೀಳಿದ ಅಥವಾ ಸೋಂಕು ತಗುಲಿದ ಹಲ್ಲು ಎಲುಬು ಕೂಡುವುದಕ್ಕೆ ಅಡ್ಡಿ.

ಪ್ರತಿಜೀವಕ ಮಾತ್ರೆ ಈ ತೀರ್ಮಾನಕ್ಕೆ ಬದಲಿಯಾಗಲಾರದು. ಸತ್ತ ತಿರುಳಿಗೆ ರಕ್ತಸಂಚಾರವಿಲ್ಲ. ರಕ್ತ ಹೋಗದ ಕಡೆ ಔಷಧವೂ ಹೋಗದು. ಕೊಳೆರೋಗ ತಗುಲಿದ ಅಡಿಕೆ ಗೊನೆಯನ್ನು ಮರದಲ್ಲೇ ಬಿಟ್ಟು ಮೇಲಿಂದ ಮೇಲೆ ಬೋರ್ಡೋ ದ್ರಾವಣ ಸಿಂಪಡಿಸಿದರೆ ತೋಟಕ್ಕೆ ಆಗುವ ಗತಿಯೇ ಮೂಲವನ್ನು ಬಿಟ್ಟು ಮಾತ್ರೆ ನುಂಗುವ ಬಾಯಿಗೂ ಆಗುತ್ತದೆ. ಬಾವು ಇಳಿದಂತೆ ಕಂಡರೂ ಮರಳಿ ಬರುತ್ತದೆ. ಅರ್ಧಕ್ಕೆ ನಿಲ್ಲಿಸಿದ ಮಾತ್ರೆಗಳಿಗೆ ಬಗ್ಗದ ರೋಗಾಣುಗಳು ಹೆಚ್ಚುತ್ತವೆ.

ಅವಸರದಿಂದ ಕೀಳಬಾರದ ಸಂದರ್ಭಗಳು

ಏಟು ಬಿದ್ದು ಶಾಶ್ವತ ಹಲ್ಲು ಬುಡಸಮೇತ ಹೊರಬಿದ್ದರೆ ಅದನ್ನು ಎಸೆಯಬಾರದು. ಬೇರನ್ನು ಮುಟ್ಟದೆ ಮೇಲ್ಭಾಗವನ್ನು ಹಿಡಿದು, ಮಣ್ಣಾಗಿದ್ದರೆ ಕೆಲವೇ ಕ್ಷಣ ನೀರಲ್ಲಿ ತೊಳೆದು, ಉಜ್ಜದೆ ಗುಳಿಯಲ್ಲೇ ಮರಳಿ ಕೂರಿಸಬೇಕು. ಆಗದಿದ್ದರೆ ತಣ್ಣನೆಯ ಹಾಲಿನಲ್ಲಿ ಹಾಕಿ ದಂತವೈದ್ಯರ ಬಳಿಗೆ ಓಡಬೇಕು. ಮೊದಲ ಅರ್ಧ ಗಂಟೆ ಅಮೂಲ್ಯ. ಒಣಗಿದ ಸ್ಥಿತಿಯಲ್ಲಿ ಒಂದು ಗಂಟೆ ಕಳೆದರೆ ಬೇರಿನ ಮೇಲಿನ ಜೀವಕೋಶಗಳು ಉಳಿಯುವುದಿಲ್ಲ. ಹಾಲುಹಲ್ಲನ್ನು ಮಾತ್ರ ಮರಳಿ ಕೂರಿಸಬಾರದು.

ನೋವಿರುವುದು ಹಲ್ಲಿನಲ್ಲೇ ಎಂದು ಖಚಿತವಾಗದೆ ಕೀಳಬಾರದು. ಸೈನಸ್ ಸೋಂಕು ಮೇಲಿನ ದವಡೆಹಲ್ಲುಗಳ ನೋವಾಗಿ ತೋರುತ್ತದೆ. ಮುಖದ ಟ್ರೈಜೆಮಿನಲ್ ನರದ ಶೂಲೆ ಮುಖ ತೊಳೆದರೆ, ಗಾಳಿ ಬೀಸಿದರೆ ಮಿಂಚು ಹೊಡೆದಂತೆ ಬಂದುಹೋಗುತ್ತದೆ. ಇದನ್ನು ಹಲ್ಲುನೋವೆಂದು ತಿಳಿದು ಒಂದರ ಹಿಂದೊಂದು ಒಳ್ಳೆಯ ಹಲ್ಲು ಕಳೆದುಕೊಂಡವರಿದ್ದಾರೆ. ಗುಡ್ಡ ಹತ್ತುವಾಗ, ಹೊರೆ ಹೊರುವಾಗ ಕೆಳದವಡೆಯಲ್ಲಿ ಕಾಣಿಸಿಕೊಂಡು ವಿಶ್ರಾಂತಿಯಿಂದ ಇಳಿಯುವ ನೋವು ಹೃದಯದ್ದಾಗಿರಬಹುದು.

ಮಳೆಗಾಲದಲ್ಲಿ ಈ ಭಾಗದಲ್ಲಿ ಡೆಂಗಿ ಜ್ವರ ಕಾಣಿಸಿಕೊಳ್ಳುತ್ತದೆ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಕುಸಿದು ವಸಡಿನಿಂದ ರಕ್ತ ಒಸರಬಹುದು. ಜ್ವರದ ಕಾರಣ ತಿಳಿಯದೆ ಹಲ್ಲು ಕಿತ್ತರೆ ರಕ್ತ ನಿಲ್ಲದಿರುವ ಅಪಾಯವಿದೆ. ಪ್ಲೇಟ್‌ಲೆಟ್ ಎಣಿಕೆ 50,000ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯ ಕ್ಲಿನಿಕ್ಕಿನಲ್ಲಿ ಹಲ್ಲು ತೆಗೆಯುವುದಿಲ್ಲ. ಹಲ್ಲಿನ ಸುತ್ತ ರಕ್ತ ಮಿಡಿಯುವ ಗಡ್ಡೆಯಿದ್ದರೂ ಎಕ್ಸ್-ರೇ ನೋಡದೆ ಕೈಹಚ್ಚಬಾರದು. ದವಡೆಯೊಳಗಿನ ರಕ್ತನಾಳಗಳ ಗಂಟಾಗಿದ್ದರೆ ಕೀಳುವುದೇ ಪ್ರಾಣಾಂತಕ.

ಅಡಿಕೆ ನಾಡಿನ ಬಾಯಿ

ಮೂರೂ ತಾಲೂಕುಗಳ ಬದುಕಿಗೆ ಅಡಿಕೆಯೇ ಆಧಾರ. ಜಗಿಯುವ ರೂಢಿಯೂ ಅದರೊಡನೆ ಬೆಳೆದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆ ಜಗಿಯುವುದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಕಾರಣಗಳ ಮೊದಲ ಗುಂಪಿಗೆ ಸೇರಿಸಿತು. ಹೊಗೆಸೊಪ್ಪು ಕೂಡಿದರೆ ಅಪಾಯ ಹೆಚ್ಚು.

ಹಲ್ಲು ತೆಗೆಯುವ ವಿಚಾರಕ್ಕೆ ಇದು ಎರಡು ಬಗೆಯಲ್ಲಿ ಸಂಬಂಧಿಸಿದೆ. ದೀರ್ಘಕಾಲ ಅಡಿಕೆ ಜಗಿದವರಲ್ಲಿ ಕೆನ್ನೆಯ ಒಳಪದರ ಬಿಳಿಚಿ, ನಾರುಗಟ್ಟಿ, ಬಾಯಿ ತೆರೆಯುವುದು ತಿಂಗಳು ವರ್ಷಗಳಲ್ಲಿ ನಿಧಾನವಾಗಿ ಕಿರಿದಾಗುತ್ತದೆ. ಖಾರ ತಾಗಿದರೆ ಉರಿಯುತ್ತದೆ. ಇದನ್ನು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಸೋಂಕಿನ ಬಿಗಿತ ಬರುವುದು ಒಂದೆರಡು ದಿನಗಳಲ್ಲಿ, ನೋವು ಮತ್ತು ಜ್ವರದೊಡನೆ. ಮೊದಲೇ ಬಾಯಿ ಕಿರಿದಾದವರು ಹೊಸ ಬಿಗಿತವನ್ನು ಹಳೆಯದೆಂದು ಕಡೆಗಣಿಸುವುದುಂಟು. ಅವರ ಹಿಂದಿನ ಹಲ್ಲುಗಳಿಗೆ ಉಪಕರಣ ತಲುಪಿಸುವುದೂ, ಅಗತ್ಯ ಬಿದ್ದರೆ ಉಸಿರುನಾಳಕ್ಕೆ ಕೊಳವೆ ಇಳಿಸುವುದೂ ಕಷ್ಟ. ಹಾಗಾಗಿ ಅವರು ಕೆಟ್ಟ ದವಡೆಹಲ್ಲಿಗೆ ಬಾವು ಬರುವ ಮೊದಲೇ ಚಿಕಿತ್ಸೆ ಮಾಡಿಸಿಕೊಳ್ಳಬೇಕು.

ಎರಡನೆಯದು ಇನ್ನೂ ಮುಖ್ಯ. ಉಳಿದ ಹಲ್ಲುಗಳು ಭದ್ರವಾಗಿದ್ದು ಒಂದೆರಡು ಮಾತ್ರ ಹಠಾತ್ತನೆ ಸಡಿಲವಾಗಿದ್ದರೆ, ಪಕ್ಕದಲ್ಲಿ ಮೂರು ವಾರ ಕಳೆದರೂ ಮಾಯದ ಹುಣ್ಣೋ ಗಟ್ಟಿಯಾದ ಬೆಳವಣಿಗೆಯೋ ಇದ್ದರೆ, ತುಟಿ ಮರಗಟ್ಟಿದ್ದರೆ ಅದು ಕ್ಯಾನ್ಸರ್ ಆಗಿರಬಹುದು. ಮೊದಲು ಹುಣ್ಣಿನ ತುಣುಕನ್ನು ಪರೀಕ್ಷೆಗೆ ಕಳಿಸಬೇಕು. ಸಡಿಲವಾಗಿದೆಯೆಂದು ಸುಮ್ಮನೆ ಕಿತ್ತುಬಿಟ್ಟರೆ ರೋಗ ಗುರುತಿಸುವುದು ತಡವಾಗುತ್ತದೆ.

ಎರಡು ಹಳೆಯ ಭಯಗಳು

ಬಾವು ಇಳಿಯದೆ ಹಲ್ಲು ಕೀಳಬಾರದೆಂಬ ಮಾತು ಮನೆಮನೆಯಲ್ಲಿದೆ. ಕೀವಿರುವ ಕಡೆ ಆಮ್ಲೀಯತೆ ಹೆಚ್ಚಿರುವುದರಿಂದ ಮರಗಟ್ಟಿಸುವ ಮದ್ದು ಸರಿಯಾಗಿ ಹಿಡಿಯುವುದಿಲ್ಲ ಎಂಬ ಅನುಭವ ಅದರ ಹಿಂದಿದೆ. ಪ್ರತಿಜೀವಕಗಳಿಲ್ಲದ ಕಾಲದ ಸಾವುಗಳ ನೆನಪೂ ಸೇರಿರಬಹುದು. ಇಂದು ಮದ್ದನ್ನು ಬಾವಿನಿಂದ ದೂರದಲ್ಲಿ, ನರದ ಬುಡಕ್ಕೆ ಕೊಡಲಾಗುತ್ತದೆ. ಅಗತ್ಯವಿದ್ದರೆ ಆಸ್ಪತ್ರೆಯಲ್ಲಿ ಪ್ರಜ್ಞೆ ತಪ್ಪಿಸಿ ತೆಗೆಯಲಾಗುತ್ತದೆ. ಹರಡುತ್ತಿರುವ ಸೋಂಕಿನಲ್ಲಿ ಮೂಲವನ್ನು ಬೇಗ ತೆಗೆದಷ್ಟೂ ಗುಣ ಬೇಗ. ಬಾವು ಬಂದಿರುವುದೇ ವೈದ್ಯರನ್ನು ಕಾಣಲು ಕಾರಣ; ಮುಂದೂಡಲು ನೆವವಾಗಬಾರದು.

ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆಂಬ ಭಯ ಇನ್ನೂ ಹಳೆಯದು. ಮೇಲಿನ ಹಲ್ಲು ಕಿತ್ತಾಗ ಅತಿಯಾಗಿ ರಕ್ತ ಹೋಗಿ ಕುರುಡು ಮತ್ತು ಮುಖದ ವಾತ ಬರಬಹುದೆಂಬ ಎಚ್ಚರಿಕೆ ಸುಶ್ರುತ ಸಂಹಿತೆಯಲ್ಲೇ ಇದೆ. ರಕ್ತ ನಿಲ್ಲಿಸುವ ಉಪಾಯಗಳು ಕಡಿಮೆಯಿದ್ದ ಕಾಲದಲ್ಲಿ ಆ ಎಚ್ಚರಿಕೆಗೆ ಅರ್ಥವಿತ್ತು. ಶರೀರರಚನೆಯಂತೆ ನೋಟದ ನರವೇ ಬೇರೆ, ಹಲ್ಲಿನ ನರವೇ ಬೇರೆ. ಕಣ್ಣಿಗೆ ಅಪಾಯವಿರುವುದು ಕೀವು ತುಂಬಿದ ಮೇಲಿನ ಹಲ್ಲನ್ನು ಚಿಕಿತ್ಸೆಯಿಲ್ಲದೆ ಬಿಟ್ಟಾಗ.

ಬೇರೆ ಕಾಯಿಲೆ ಇರುವವರು

ಸಕ್ಕರೆ ಕಾಯಿಲೆ ಇರುವವರಲ್ಲಿ ಸೋಂಕು ಬೇಗ ಹರಡುತ್ತದೆ, ಸೋಂಕಿನಿಂದ ಸಕ್ಕರೆ ಮತ್ತೂ ಏರುತ್ತದೆ. ಸಕ್ಕರೆ ಇಳಿಯಲೆಂದು ವಾರಗಟ್ಟಲೆ ಕಾಯುವ ಬದಲು ಎರಡಕ್ಕೂ ಆಸ್ಪತ್ರೆಯಲ್ಲಿ ಒಟ್ಟಿಗೆ ಚಿಕಿತ್ಸೆ ಆಗಬೇಕು. ಸ್ಟೀರಾಯ್ಡ್ ಅಥವಾ ಕ್ಯಾನ್ಸರ್ ಔಷಧ ಪಡೆಯುವವರಿಗೆ ಜ್ವರವೇ ಬಾರದಿರಬಹುದು. ಅವರಲ್ಲಿ ಸಣ್ಣ ಬಾವೂ ಗಂಭೀರ. ರಕ್ತ ತೆಳುವಾಗಿಸುವ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಬಾರದು. ವಾರ್ಫರಿನ್ ಸೇವಿಸುವವರ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ) 4ಕ್ಕಿಂತ ಕಡಿಮೆ ಇದ್ದರೆ ಮಾತ್ರೆ ನಿಲ್ಲಿಸದೆಯೇ ಸಾಮಾನ್ಯವಾಗಿ ಹಲ್ಲು ತೆಗೆಯಬಹುದು. ರಕ್ತದೊತ್ತಡ 180/110 ದಾಟಿದ್ದರೆ, ಇತ್ತೀಚೆಗೆ ಹೃದಯಾಘಾತವಾಗಿದ್ದರೆ, ಹಿಮೋಫಿಲಿಯಾ ಇದ್ದರೆ ತುರ್ತು ಕೆಲಸವನ್ನೂ ಆಸ್ಪತ್ರೆಯಲ್ಲೇ ಮಾಡಬೇಕು. ಗರ್ಭಿಣಿಯರಿಗೆ ನಾಲ್ಕರಿಂದ ಆರನೆಯ ತಿಂಗಳು ಅನುಕೂಲ. ಹರಡುವ ಸೋಂಕಿದ್ದರೆ ಯಾವ ತಿಂಗಳಲ್ಲೂ ಚಿಕಿತ್ಸೆ ತಡೆಯಬಾರದು.

ಎಲ್ಲಿಗೆ, ಹೇಗೆ

ಪುತ್ತೂರು, ಸುಳ್ಯಗಳು ಮಾಣಿ–ಮೈಸೂರು ಹೆದ್ದಾರಿಯ ಮೇಲಿವೆ. ಮಂಗಳೂರಿಗೆ ಪುತ್ತೂರಿನಿಂದ ಸುಮಾರು 50 ಕಿ.ಮೀ., ಸುಳ್ಯದಿಂದ ಸುಮಾರು 85 ಕಿ.ಮೀ.; ಕಡಬ ತಾಲೂಕಿನ ಸುಬ್ರಹ್ಮಣ್ಯದಿಂದ 100 ಕಿ.ಮೀ.ಗೂ ಹೆಚ್ಚು. ಕೊಲ್ಲಮೊಗ್ರು, ಮಂಡೆಕೋಲು, ಪಾಣಾಜೆ, ಶಿರಾಡಿಯಂಥ ಅಂಚಿನ ಊರುಗಳಿಂದ ಮುಖ್ಯರಸ್ತೆ ಸೇರುವುದಕ್ಕೇ ಸಮಯ ಬೇಕು. ಮಳೆಗಾಲದ ರಾತ್ರಿ ಮರ ಬಿದ್ದರೆ ಆ ದಾರಿಯೂ ಮುಚ್ಚುತ್ತದೆ. ಆದ್ದರಿಂದ ಎರಡನೆಯ ಹಂತದ ಚಿಹ್ನೆ ಹಗಲಲ್ಲಿ ಕಂಡಾಗಲೇ ಹೊರಡುವುದು ಇಲ್ಲಿಯವರಿಗೆ ಹೆಚ್ಚು ಅಗತ್ಯ.

ಸುಳ್ಯದ ಕುರುಂಜಿಬಾಗ್‌ನಲ್ಲಿ ಕುರುಂಜಿ ವೆಂಕಟರಮಣ ಗೌಡರು ಕಟ್ಟಿದ ಕೆ.ವಿ.ಜಿ. ದಂತ ಮಹಾವಿದ್ಯಾಲಯ 1991ರಿಂದ ಇದೆ. ಅದೇ ಊರಿನಲ್ಲಿ ಕೆ.ವಿ.ಜಿ. ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯೂ ಇದೆ. ಪುತ್ತೂರು ಮತ್ತು ಸುಳ್ಯದಲ್ಲಿ ಸರ್ಕಾರಿ ತಾಲೂಕು ಆಸ್ಪತ್ರೆಗಳಿವೆ. ಮಂಗಳೂರಿನಲ್ಲಿ ವೆನ್ಲಾಕ್ ಜಿಲ್ಲಾಸ್ಪತ್ರೆಯೂ ದಂತ ಮಹಾವಿದ್ಯಾಲಯಗಳೂ ಇವೆ. ಉಸಿರು, ನುಂಗುವಿಕೆಗೆ ತೊಂದರೆಯಾದರೆ 108 ಆಂಬುಲೆನ್ಸ್ ಕರೆಯಬೇಕು. ಈ ಸೇವೆ ರಾಜ್ಯದಲ್ಲಿ 2008ರಿಂದ ಇದೆ. ನೋಂದಾಯಿತ ದಂತವೈದ್ಯರಲ್ಲದವರಿಂದ ಹಲ್ಲು ಕೀಳಿಸಿಕೊಳ್ಳಬಾರದು. 1948ರ ದಂತವೈದ್ಯರ ಕಾಯ್ದೆಯ ಕಾಲದಿಂದಲೂ ನೋಂದಣಿ ಕಡ್ಡಾಯ.

ಹೊರಡುವ ಮುನ್ನ ಕೆನ್ನೆಗೆ ಬಿಸಿ ಶಾಖ ಕೊಡಬಾರದು. ಕೀವು ಹೊರಚರ್ಮದ ಕಡೆಗೆ ಬರಬಹುದು. ಆಸ್ಪಿರಿನ್ ಮಾತ್ರೆಯನ್ನೋ ಹೊಗೆಸೊಪ್ಪನ್ನೋ ಹುಳುಕಿಗೆ ಒತ್ತಿಟ್ಟರೆ ವಸಡು ಸುಡುತ್ತದೆ. ಸೇವಿಸುತ್ತಿರುವ ಎಲ್ಲ ಔಷಧಗಳ ಚೀಟಿ ಜತೆಗಿರಬೇಕು.

ತೆಗೆಸಿದ ನಂತರ

ಗುಳಿಯ ಮೇಲಿಟ್ಟ ಬಟ್ಟೆಯನ್ನು ಅರ್ಧ ಗಂಟೆ ಕಚ್ಚಿ ಹಿಡಿಯಬೇಕು. ಮೊದಲ 24 ಗಂಟೆ ಬಾಯಿ ಮುಕ್ಕಳಿಸಬಾರದು, ಮೇಲಿಂದ ಮೇಲೆ ಉಗುಳಬಾರದು, ಬಿಸಿ ಕುಡಿಯಬಾರದು. ಗುಳಿಯಲ್ಲಿ ಕಟ್ಟಿದ ರಕ್ತದ ಹೆಪ್ಪೇ ಗಾಯ ಮಾಯಿಸುವುದು. ಗಾಯ ಮಾಯುವವರೆಗೆ ಎಲೆಯಡಿಕೆ, ಬೀಡಿ ದೂರವಿರಬೇಕು. ಮರುದಿನದಿಂದ ಉಗುರುಬೆಚ್ಚನೆಯ ಉಪ್ಪುನೀರಿನಲ್ಲಿ ಮೆಲ್ಲಗೆ ಮುಕ್ಕಳಿಸಬಹುದು. ಎರಡು ಮೂರು ದಿನಗಳ ಬಳಿಕ ನೋವು ಒಮ್ಮೆಲೇ ಹೆಚ್ಚಿ ಬಾಯಿಯಿಂದ ದುರ್ವಾಸನೆ ಬಂದರೆ ಹೆಪ್ಪು ಕಳಚಿ ಗುಳಿ ಬರಿದಾಗಿದೆ ಎಂದರ್ಥ. ವೈದ್ಯರು ಅದಕ್ಕೆ ಮದ್ದು ತುಂಬುತ್ತಾರೆ. ಹಲ್ಲು ತೆಗೆದ ಮೇಲೂ ಬಾವು ದಿನದಿಂದ ದಿನಕ್ಕೆ ಇಳಿಯದೆ ಏರುತ್ತಿದ್ದರೆ, ಜ್ವರ ಮರಳಿದರೆ, ಒತ್ತಿಹಿಡಿದರೂ ರಕ್ತ ನಿಲ್ಲದಿದ್ದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಬೇಕು.